ಇಷ್ಟೂ ಗೊತ್ತಿಲ್ಲವೇ?

ನಮ್ಮ ಅತ್ತಿಗೆ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ವಯಸ್ಸು 70 ದಾಟಿದೆ. ಓದಿದ್ದು 7ನೆಯ ತರಗತಿಯವರೆಗೆ. ಆದರೆ ಬೇಲಿಯ ಪಕ್ಕದಲ್ಲಿ ಅವರ ಜೊತೆ ನಡೆದು ನೋಡಬೇಕು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹನ್ನೆರಡು ಸೊಪ್ಪಿನ ಹೆಸರು ಹೇಳಿರುತ್ತಾರೆ. ಯಾವುದರ ಕುಡಿ ಚಟ್ನಿಗೆ, ಯಾವುದರ ಎಲೆ ತಂಬುಳಿಗೆ, ಯಾವುದನ್ನು ಮಳೆಗಾಲದಲ್ಲಿ ಮಾತ್ರ ತಿನ್ನಬೇಕು, ಯಾವುದನ್ನು ದನದ ಬಾಯಿಗೂ ಸಿಗದಂತೆ ಕಿತ್ತೆಸೆಯಬೇಕು ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದೆ. ಇದನ್ನೆಲ್ಲ ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅತ್ತೆಯ ಹಿಂದೆ ಬುಟ್ಟಿ ಹಿಡಿದುಕೊಂಡು ತಿರುಗಿ ಕಲಿತದ್ದು.

ಮೊಮ್ಮಗ ಅವರಿಗೊಂದು ಫೋನು ಕೊಡಿಸಿ ಕನ್ನಡದಲ್ಲಿ ಬೆರಳೊತ್ತಿ ಬರೆಯುವುದನ್ನು ಕಲಿಸಿದ. ಆಗ ಉತ್ಸಾಹದಿಂದ ಅವರನ್ನು ಒಂದು ಗುಂಪಿಗೆ ಸೇರಿಸಿದವಳು ನಾನೇ. ಸೊಪ್ಪು, ಗೆಡ್ಡೆ, ಕಾಡುಹಣ್ಣುಗಳ ಬಗ್ಗೆ ತಿಳಿದವರು ತಿಳಿಯದವರಿಗೆ ಹೇಳುವ ಗುಂಪು ಅದು. ತಿಳಿದದ್ದನ್ನು ಹಂಚೋಣ, ತಿಳಿಯದ್ದನ್ನು ಕೇಳೋಣ ಎಂದು ಅದರ ನೆತ್ತಿಯ ಮೇಲೆ ಬರೆದಿತ್ತು. ಇನ್ನೂರಕ್ಕೂ ಹೆಚ್ಚು ಜನರಿದ್ದರು. ಪೇಟೆಯ ಗೃಹಿಣಿಯರು, ಉಪನ್ಯಾಸಕರು, ಬೆಂಗಳೂರಿನ ಟೆರೇಸಿನ ಮೇಲೆ ಕುಂಡದಲ್ಲಿ ಬಸಳೆ ಬೆಳೆಸುವವರು, ಅಮೆರಿಕದಲ್ಲಿ ಕೂತು ಊರಿನ ಕೆಸುವಿಗೆ ಹಂಬಲಿಸುವವರು ಎಲ್ಲರೂ ಇದ್ದರು.

ಅತ್ತಿಗೆ ಒಂದು ತಿಂಗಳು ಸುಮ್ಮನೆ ಓದಿದರು. ಆಮೇಲೆ ಒಂದು ಮಧ್ಯಾಹ್ನ ಬಾವಿಕಟ್ಟೆಯ ಬಳಿ ಹಬ್ಬಿದ್ದ ಒಂದೆಲಗದ ಫೋಟೋ ತೆಗೆದು, ಮುಕ್ಕಾಲು ಗಂಟೆ ಕೂತು ಎಂಟು ಸಾಲು ಬರೆದರು. ‘ಇದು ಬ್ರಾಹ್ಮಿ. ಬೇರು ಸಮೇತ ಕಿತ್ತು ತೊಳೆದು, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ತಂಬುಳಿ’ ಎಂದು ಶುರುವಾಗಿತ್ತು ಆ ಬರಹ. ಕಾಗುಣಿತದ ತಪ್ಪು ಎರಡೋ ಮೂರೋ ಇದ್ದವು.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಬರೆದವರು ಚೆನ್ನಾಗಿ ಓದಿಕೊಂಡ ಹಿರಿಯರು. ‘ಇಷ್ಟೂ ಗೊತ್ತಿಲ್ಲವೇ? ಇದು ಬ್ರಾಹ್ಮಿ ಅಲ್ಲವೇ ಅಲ್ಲ. ಬ್ರಾಹ್ಮಿ ಎಂದರೆ ಬಕೋಪ ಮೊನ್ನಿಯೇರಿ. ತಿಳಿಯದವರು ಬರೆದು ಜನರ ದಾರಿ ತಪ್ಪಿಸಬೇಡಿ. ಇದು ಅಡುಗೆಮನೆ ಹರಟೆಯ ಜಾಗವಲ್ಲ.’ ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ‘ಅಜ್ಜಿಗೆ ಫೋನು ಯಾರು ಕೊಡಿಸಿದರಪ್ಪಾ’ ಎಂದು ಇನ್ನೊಬ್ಬರು ತಮಾಷೆ ಮಾಡಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಅತ್ತಿಗೆ ಗುಂಪು ಬಿಟ್ಟುಹೋಗಿದ್ದರು. ಅಷ್ಟೇ. ಯಾರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಇದೇನು ಮಹಾ ವಿಷಯ, ಫೋನಿನಲ್ಲಿ ಯಾರೋ ಯಾರಿಗೋ ಒಂದು ಮಾತು ಅಂದರು, ಅದಕ್ಕೊಂದು ಪ್ರಬಂಧವೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದೇ ಈಗ ನನ್ನನ್ನು ಬರೆಯಲು ಕೂರಿಸಿದೆ.

ಮೊದಲು ಆ ಹಿರಿಯರ ಮಾತಿನಲ್ಲಿದ್ದ ಸತ್ಯವೆಷ್ಟು ನೋಡೋಣ. ಬ್ರಾಹ್ಮಿ ಎಂಬ ಹೆಸರು ಎರಡು ಬೇರೆ ಬೇರೆ ಗಿಡಗಳಿಗೆ ನಡೆಯುತ್ತದೆ. ನೆಲದ ಮೇಲೆ ಬಳ್ಳಿಯಂತೆ ಹರಿದು, ಒಂದೊಂದು ತೊಟ್ಟಿಗೆ ಒಂದೊಂದು ದುಂಡನೆಯ ಎಲೆ ಬಿಡುವುದು ಒಂದೆಲಗ. ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲ ಏಷಿಯಾಟಿಕ, ತುಳುವಿನಲ್ಲಿ ತಿಮರೆ. ಜವುಗು ಜಾಗದಲ್ಲಿ ಬೆಳೆದು, ಪುಟ್ಟ ಪುಟ್ಟ ದಪ್ಪ ಎಲೆ ಜೋಡಿಜೋಡಿಯಾಗಿ ಬಿಟ್ಟು, ಬಿಳಿಯ ಇಲ್ಲವೇ ತೆಳು ನೇರಿಳೆ ಹೂ ಅರಳಿಸುವುದು ನೀರು ಬ್ರಾಹ್ಮಿ. ಅದೇ ಬಕೋಪ ಮೊನ್ನಿಯೇರಿ. ಆಯುರ್ವೇದದ ಪಂಡಿತರು ಸಾಮಾನ್ಯವಾಗಿ ಬ್ರಾಹ್ಮಿ ಎನ್ನುವುದು ಎರಡನೆಯದಕ್ಕೆ. ಒಂದೆಲಗವನ್ನು ಅವರು ಮಂಡೂಕಪರ್ಣಿ ಎನ್ನುತ್ತಾರೆ. ಆದರೆ ಕರ್ನಾಟಕದಲ್ಲಿ ಎಷ್ಟೋ ಮನೆಗಳಲ್ಲಿ ಒಂದೆಲಗವೇ ಬ್ರಾಹ್ಮಿ. ಅಂದಮೇಲೆ ಆ ಹಿರಿಯರ ಮಾತು ಅರ್ಧ ಸರಿ, ಅತ್ತಿಗೆಯ ಮಾತೂ ಅರ್ಧ ಸರಿ. ಇಬ್ಬರ ಅರ್ಧ ಕೂಡಿದ್ದರೆ ಇನ್ನೂರು ಜನಕ್ಕೆ ಪೂರ್ತಿ ವಿಷಯ ತಿಳಿಯುತ್ತಿತ್ತು. ‘ನಿಮ್ಮ ಕಡೆ ಇದಕ್ಕೆ ಬ್ರಾಹ್ಮಿ ಅನ್ನುತ್ತಾರೆಯೇ ಅಮ್ಮಾ? ಔಷಧದ ಅಂಗಡಿಯಲ್ಲಿ ಬ್ರಾಹ್ಮಿ ಎಂದರೆ ಬೇರೆ ಗಿಡ ಕೊಡಬಹುದು, ಓದುವವರು ಗಮನಿಸಿ’ ಎಂದು ಬರೆಯಲು ಎಷ್ಟು ಖರ್ಚಾಗುತ್ತಿತ್ತು? ಬೈದು ಬರೆದದ್ದಕ್ಕಿಂತ ಒಂದು ಪದವೂ ಹೆಚ್ಚು ಬೇಕಾಗುತ್ತಿರಲಿಲ್ಲ.

ಇಲ್ಲೇ ನನ್ನ ತಕರಾರು ಇರುವುದು. ಅವರು ತಿದ್ದಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ತಿದ್ದುವ ನೆಪದಲ್ಲಿ ಒಬ್ಬ ಹೆಂಗಸನ್ನು ಇನ್ನೂರು ಜನರ ನಡುವೆ ನಿಲ್ಲಿಸಿ ಅವಳ ಅಜ್ಞಾನದ ಅಳತೆ ತೆಗೆದರಲ್ಲ, ಅದಕ್ಕೆ ಆಕ್ಷೇಪ.

‘ಸತ್ಯ ಯಾವಾಗಲೂ ಕಹಿ. ಜ್ಞಾನದ ವಿಷಯದಲ್ಲಿ ಮುಲಾಜು ಇರಬಾರದು. ಬರೆಯುವವರು ಸ್ವಲ್ಪ ಚರ್ಮ ದಪ್ಪ ಮಾಡಿಕೊಳ್ಳಬೇಕು.’ ಇಂಥ ಮಾತನ್ನು ನೀವೂ ಕೇಳಿರುತ್ತೀರಿ. ಕೇಳಲು ಬಹಳ ಗಂಭೀರವಾಗಿದೆ. ಆದರೆ ಸ್ವಲ್ಪ ಬಿಡಿಸಿ ನೋಡಿ. ಸತ್ಯ ಕಹಿಯಾಗಿರಬಹುದು, ಒಪ್ಪಿಕೊಳ್ಳೋಣ. ಆದರೆ ‘ಇಷ್ಟೂ ಗೊತ್ತಿಲ್ಲವೇ’ ಎಂಬ ಮಾತಿನಲ್ಲಿ ಸತ್ಯ ಎಲ್ಲಿದೆ? ಗಿಡದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹೇಳಿದವರು ಎಷ್ಟು ಎತ್ತರದಲ್ಲಿ ಕೂತಿದ್ದಾರೆ ಎಂಬುದನ್ನಷ್ಟೇ ಹೇಳುತ್ತದೆ. ಕಷಾಯ ಕಹಿಯೆಂದು ಕುಡಿಯುತ್ತೇವೆ, ಅದರಲ್ಲಿ ಔಷಧವಿರುತ್ತದೆ. ಬರೀ ಕಹಿಯನ್ನೇ ಕುದಿಸಿ ಕೊಟ್ಟು ಇದೇ ಔಷಧ ಎಂದರೆ ಯಾಕೆ ಕುಡಿಯಬೇಕು?

ಇನ್ನು ಚರ್ಮ ದಪ್ಪ ಮಾಡಿಕೊಳ್ಳುವ ಮಾತು. ದಪ್ಪ ಚರ್ಮದವರು ಮಾತ್ರ ಉಳಿಯುವ ಜಾಗದಲ್ಲಿ ಉಳಿಯುವುದು ದಪ್ಪ ಚರ್ಮವೇ ಹೊರತು ತಿಳುವಳಿಕೆಯಲ್ಲ. ಇದು ನನ್ನ ಕಲ್ಪನೆಯ ಮಾತಲ್ಲ. ಜಗತ್ತಿನ ಅತಿ ದೊಡ್ಡ ಜ್ಞಾನದ ಸಂತೆಯಾದ ವಿಕಿಪೀಡಿಯದ ಕಥೆಯೇ ಇದಕ್ಕೆ ಸಾಕ್ಷಿ.

2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಶುರುವಾದ ಈ ವಿಶ್ವಕೋಶಕ್ಕೆ ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಕನ್ನಡದಲ್ಲಿ ಅದು 2003ರಲ್ಲಿ ಕಣ್ಣು ಬಿಟ್ಟಿತು. ತುಳುವಿನದು 2016ರಲ್ಲಿ ಹೊರಬಂತು. ಅದನ್ನು ಕಟ್ಟಿದವರಿಗೆ ಒಂದು ವಿಷಯ ಬೇಗ ಅರ್ಥವಾಗಿತ್ತು. ಪರಿಚಯವಿಲ್ಲದ ಸಾವಿರಾರು ಜನ ಕೂಡಿ ಒಂದೇ ಪುಟವನ್ನು ತಿದ್ದುವಾಗ ಜಗಳ ಬಂದೇ ಬರುತ್ತದೆ. ಹಾಗಾಗಿ ಅವರು ಕೆಲವು ನಿಯಮ ಮಾಡಿಕೊಂಡರು. ಎದುರಿನವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದಾರೆಂದು ಭಾವಿಸಿ ಮಾತು ಶುರುಮಾಡಿ. ಬರಹದ ಬಗ್ಗೆ ಮಾತಾಡಿ, ಬರೆದವರ ಬಗ್ಗೆ ಬೇಡ. ಹೊಸಬರನ್ನು ದಯವಿಟ್ಟು ಕಚ್ಚಬೇಡಿ. ಹೌದು, ಕಚ್ಚಬೇಡಿ ಎಂದೇ ಬರೆದಿಟ್ಟಿದ್ದಾರೆ! ನಾಯಿ ಇರುವ ಮನೆಯ ಗೇಟಿನ ಫಲಕ ನೆನಪಾಗುತ್ತದೆ, ಆದರೆ ಇಲ್ಲಿ ಬುದ್ಧಿ ಹೇಳಿರುವುದು ಬರುವವರಿಗಲ್ಲ, ಒಳಗಿರುವವರಿಗೆ.

ನಿಯಮವೇನೋ ಚೆನ್ನಾಗಿತ್ತು. ನಡೆದದ್ದೇ ಬೇರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯವಾಗಿ ಬರೆಯುವವರ ಸಂಖ್ಯೆ 2007ರವರೆಗೆ ಏರಿ, ಆಮೇಲೆ ಇಳಿಯತೊಡಗಿತು. ಯಾಕೆ ಎಂದು ಹುಡುಕಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಾರಣ ಸ್ಪಷ್ಟವಾಗಿ ಹೇಳಿದ್ದಾರೆ. ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವನ್ನು ಹಳಬರು, ಹಳಬರ ಕೈಯಲ್ಲಿದ್ದ ಯಂತ್ರಗಳು ಒಂದೇಟಿಗೆ ಅಳಿಸಿಹಾಕುತ್ತಿದ್ದವು. ಹಾಗೆ ಅಳಿಸಿಕೊಂಡವರು ಮತ್ತೆ ಬರುತ್ತಿರಲಿಲ್ಲ. ಕಿಡಿಗೇಡಿಗಳನ್ನು ತಡೆಯಲು ಕಟ್ಟಿದ ಬೇಲಿ ಬೀಜ ಹಿಡಿದು ಬಂದವರನ್ನೂ ತಡೆಯಿತು.

ಹೆಂಗಸರ ಲೆಕ್ಕವಂತೂ ಇನ್ನೂ ಬೇಸರದ್ದು. 2011ರಲ್ಲಿ ವಿಕಿಮೀಡಿಯ ಸಂಸ್ಥೆಯೇ ನಡೆಸಿದ ಸಮೀಕ್ಷೆಯಲ್ಲಿ, ಅಲ್ಲಿ ಬರೆಯುವ ನೂರು ಜನರಲ್ಲಿ ಹತ್ತು ಮಂದಿಯೂ ಹೆಂಗಸರಿರಲಿಲ್ಲ. ಅದೇ ವರ್ಷ ಆ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಸೂ ಗಾರ್ಡ್‌ನರ್ ಹೆಂಗಸರೇ ಹೇಳಿಕೊಂಡ ಕಾರಣಗಳನ್ನು ಒಟ್ಟುಮಾಡಿ ಬರೆದರು. ಬಿಡುವಿಲ್ಲ, ನನಗೆ ತಿಳಿದದ್ದು ಸಾಲದೇನೋ ಎಂಬ ಅಳುಕು, ಜಗಳದ ವಾತಾವರಣ ಸಹಿಸಲಾಗದು, ಬರೆದದ್ದನ್ನು ಅಳಿಸಿಬಿಡುತ್ತಾರೆ. ಈ ಪಟ್ಟಿ ಓದುವಾಗ ನನಗೆ ತೀರ್ಥಹಳ್ಳಿಯ ಬಾವಿಕಟ್ಟೆ ಕಣ್ಣಿಗೆ ಕಟ್ಟಿತು. ದೇಶ ಯಾವುದಾದರೇನು, ಭಾಷೆ ಯಾವುದಾದರೇನು!

ವಿಕಿಪೀಡಿಯವೊಂದೇ ಅಲ್ಲ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಪರಸ್ಪರ ಪ್ರಶ್ನೆ ಕೇಳಿ ಉತ್ತರ ಹೇಳಿಕೊಳ್ಳಲು 2008ರಲ್ಲಿ ಶುರುವಾದ ಸ್ಟಾಕ್ ಓವರ್‌ಫ್ಲೋ ಎಂಬ ತಾಣವಿದೆ. ಅಲ್ಲಿಯ ಬುದ್ಧಿವಂತಿಕೆಗೆ ಎಷ್ಟು ಹೆಸರೋ ಅಲ್ಲಿಯ ಸಿಡುಕಿಗೂ ಅಷ್ಟೇ ಹೆಸರು. ಕೊನೆಗೆ 2018ರ ಏಪ್ರಿಲ್‌ನಲ್ಲಿ ಅದನ್ನು ನಡೆಸುವವರೇ ಬಹಿರಂಗವಾಗಿ ಒಪ್ಪಿಕೊಂಡರು. ನಮ್ಮಲ್ಲಿಗೆ ಬರಲು ಜನ ಅಂಜುತ್ತಾರೆ, ಅದರಲ್ಲೂ ಹೊಸದಾಗಿ ಕಲಿಯುವವರು ಮತ್ತು ಹೆಂಗಸರು, ಇದು ಬದಲಾಗಬೇಕು ಎಂದರು. ಅದೇ ವರ್ಷ ನಡತೆಯ ನಿಯಮಗಳನ್ನು ಹೊಸದಾಗಿ ಬರೆದುಕೊಂಡರು. ವಿಕಿಮೀಡಿಯ ಸಂಸ್ಥೆಯೂ 2021ರಲ್ಲಿ ತನ್ನ ಎಲ್ಲ ಭಾಷೆಗಳಿಗೂ ಅನ್ವಯಿಸುವ ಒಂದು ನಡತೆಯ ಸಂಹಿತೆಯನ್ನು ಪ್ರಕಟಿಸಿತು. ಸಭ್ಯತೆ ಇಲ್ಲದಿದ್ದರೆ ಅಂಗಡಿಯೇ ಮುಚ್ಚಬೇಕಾಗುತ್ತದೆ ಎಂದು ಬುದ್ಧಿವಂತರೆಲ್ಲ ಹತ್ತು ಇಪ್ಪತ್ತು ವರ್ಷ ತೆಗೆದುಕೊಂಡು ಕಲಿತ ಪಾಠ ಇದು. ನಮ್ಮ ಅಜ್ಜಿಯಂದಿರು ಇದನ್ನೇ ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದರು.

ಹೆಂಗಸರಿಗೇ ಯಾಕೆ ಈ ಮಾತು ಹೆಚ್ಚು ನಾಟುತ್ತದೆ? ನಾವು ಹೂವಿನಂಥ ಮನಸ್ಸಿನವರು ಎಂದಲ್ಲ. ದಿನಕ್ಕೆ ಹತ್ತು ಮಾತು ಕೇಳಿ ಒಗ್ಗರಣೆಗೆ ಹಾಕಿ ಮುಂದೆ ಹೋಗುವವರೇ ನಾವು. ಕಾರಣ ಬೇರೆ ಇದೆ. ಒಂದನೆಯದು, ನಮ್ಮ ಹೊತ್ತು ನಮ್ಮದಲ್ಲ. ಕುಕ್ಕರಿನ ಎರಡನೆಯ ಸೀಟಿಗೂ ಮೂರನೆಯ ಸೀಟಿಗೂ ನಡುವೆ ಕದ್ದ ನಿಮಿಷದಲ್ಲಿ ನಾವು ಬರೆಯುತ್ತೇವೆ. ಅಂಥ ನಿಮಿಷವನ್ನು ಅವಮಾನ ಮಾಡಿಸಿಕೊಳ್ಳಲು ಯಾರು ಕೊಡುತ್ತಾರೆ? ಎರಡನೆಯದು, ‘ನಿನಗೇನು ಗೊತ್ತು, ಸುಮ್ಮನಿರು’ ಎಂಬ ಮಾತು ನಮಗೆ ಹೊಸದಲ್ಲ. ಅಪ್ಪ ಹೇಳಿದ್ದಾರೆ, ಗಂಡ ಹೇಳಿದ್ದಾರೆ, ಬ್ಯಾಂಕಿನ ಕೌಂಟರಿನಲ್ಲಿ ಕೂತ ಹುಡುಗ ಹೇಳಿದ್ದಾನೆ, ಈಗ ಮೀಸೆ ಮೂಡುತ್ತಿರುವ ಮಗನೂ ಹೇಳುತ್ತಾನೆ. ಮುಖ ಕಾಣದ ಈ ಜಾಗದಲ್ಲಾದರೂ ಆ ಮಾತು ಇರಲಾರದು ಎಂದು ನಂಬಿ ಬಂದವಳಿಗೆ ಅಲ್ಲಿಯೂ ಅದೇ ಸಿಕ್ಕರೆ, ಹೊಸ ಗಾಯವಾಗುವುದಿಲ್ಲ. ಹಳೆಯದೇ ಮತ್ತೆ ಕೆರೆದುಕೊಳ್ಳುತ್ತದೆ.

ಹಾಗಂತ ಗಟ್ಟಿಯಾಗಿ ನಿಂತವರು ಇಲ್ಲವೆಂದಲ್ಲ. ಎಮಿಲಿ ಟೆಂಪಲ್‌ವುಡ್ ಎಂಬ ಅಮೆರಿಕದ ತರುಣಿ ವಿಕಿಪೀಡಿಯದಲ್ಲಿ ಮಹಿಳಾ ವಿಜ್ಞಾನಿಗಳ ಬಗ್ಗೆ ಬರೆಯುತ್ತಿದ್ದಳು. ಅವಳಿಗೆ ಹೊಲಸು ಹೊಲಸು ಪತ್ರಗಳು ಬರುತ್ತಿದ್ದವು. ಅಂಥ ಒಂದೊಂದು ಪತ್ರಕ್ಕೂ ಒಬ್ಬೊಬ್ಬ ಮಹಿಳಾ ವಿಜ್ಞಾನಿಯ ಬಗ್ಗೆ ಹೊಸ ಲೇಖನ ಬರೆಯುತ್ತೇನೆ ಎಂದು ಅವಳು ಹಟ ತೊಟ್ಟಳು. 2016ರಲ್ಲಿ ವರ್ಷದ ವಿಕಿಪೀಡಿಯನ್ ಗೌರವ ಅವಳಿಗೂ ರೋಸಿ ಸ್ಟೀಫನ್‌ಸನ್ ಗುಡ್‌ನೈಟ್ ಎಂಬ ಹಿರಿಯ ಮಹಿಳೆಗೂ ಜಂಟಿಯಾಗಿ ಬಂತು. ಓದಿ ನನಗೆ ರೋಮಾಂಚನವಾಯಿತು. ಆದರೆ ಮರುಕ್ಷಣವೇ ಸಿಟ್ಟೂ ಬಂತು. ತನಗೆ ತಿಳಿದ ನಾಲ್ಕು ಮಾತು ಬರೆಯಲು ಒಬ್ಬ ಹೆಂಗಸು ಓಬವ್ವನೇ ಆಗಬೇಕೇ? ಒನಕೆ ಹಿಡಿದು ಕಿಂಡಿಯ ಬಳಿ ನಿಲ್ಲುವ ತಾಕತ್ತು ಎಲ್ಲರಿಗೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಒನಕೆ ಇರುವುದು ಮೊದಲು ಭತ್ತ ಕುಟ್ಟಲಿಕ್ಕೆ.

ಈಗ ಮಾತಿನ ಇನ್ನೊಂದು ಬದಿಗೂ ಬರಬೇಕು. ಇಲ್ಲದಿದ್ದರೆ ‘ಇವಳು ಹೆಂಗಸರ ತಪ್ಪನ್ನೆಲ್ಲ ಮುಚ್ಚಿಕೊಳ್ಳುತ್ತಾಳೆ’ ಎಂಬ ಆರೋಪ ಬರುತ್ತದೆ, ಬರಲೂಬೇಕು. ಜಗಳಕ್ಕೆ ಹೆದರಿದ ಗುಂಪುಗಳನ್ನೂ ನಾನು ನೋಡಿದ್ದೇನೆ. ಅಲ್ಲಿ ಎಲ್ಲದಕ್ಕೂ ‘ಸೂಪರ್’. ಉಕ್ಕಿ ಸುರಿದ ಪಾಯಸಕ್ಕೂ ಸೂಪರ್, ಸುಳ್ಳು ಮದ್ದಿಗೂ ಸೂಪರ್. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಬರೀ ಹಾಗಲಕಾಯಿ ರಸ ಕುಡಿಯಿರಿ ಎಂದು ಒಬ್ಬರು ಬರೆದಾಗ ಅರವತ್ತು ಜನ ಕೈ ಮುಗಿದರು, ಒಬ್ಬರೂ ಬೇಡ ಎನ್ನಲಿಲ್ಲ. ‘ಪಾಪ, ಬೇಜಾರು ಮಾಡಿಕೊಂಡಾರು’ ಅಂತ. ಇದು ಸೌಜನ್ಯವಲ್ಲ ಕಣ್ರೀ. ಮೈದುನನ ಮಗಳು ಬಾವಿಗೆ ಬಗ್ಗುತ್ತಿದ್ದರೆ ಬೇಜಾರಾದೀತೆಂದು ನೋಡುತ್ತ ನಿಲ್ಲುತ್ತೇವೆಯೇ? ಕಾಡಿನ ಅಣಬೆಯ ಫೋಟೋ ಹಾಕಿ ಇದನ್ನು ತಿನ್ನಬಹುದೇ ಎಂದು ಯಾರಾದರೂ ಕೇಳಿದರೆ, ‘ತಿನ್ನಬೇಡಿ, ಫೋಟೋ ನೋಡಿ ಅಣಬೆ ಗುರುತಿಸುವುದು ಅಪಾಯ’ ಎಂದು ಖಡಾಖಂಡಿತವಾಗಿ ಹೇಳಲೇಬೇಕು. ಅಲ್ಲಿ ಸುತ್ತಿಬಳಸಿ ಮಾತಾಡಬಾರದು. ಆದರೆ ಖಡಾಖಂಡಿತಕ್ಕೂ ‘ಇಷ್ಟೂ ಗೊತ್ತಿಲ್ಲವೇ’ಗೂ ನಂಟಿಲ್ಲ. ಬೇಡ ಎನ್ನುವುದು ಅಣಬೆಗೆ, ಕೇಳಿದವಳಿಗಲ್ಲ.

ತಿದ್ದುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆಯಿದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಈ ಪದದ ಅರ್ಥವೇನು, ಆ ಪದ ಎಲ್ಲಿಂದ ಬಂತು, ಹೀಗೆ ಬರೆಯುವುದು ಸರಿಯೇ ಎಂದು ಊರೂರಿನಿಂದ ಓದುಗರು ಕೇಳುತ್ತಿದ್ದರು. ಉತ್ತರ ಬರೆಯುತ್ತಿದ್ದವರು ಯಾರು? ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿಗೆ ಸಂಪಾದಕರಾಗಿ ದುಡಿದವರು. ‘ನಿಘಂಟು ತೆಗೆದು ನೋಡಿ, ಅದನ್ನೂ ನನ್ನನ್ನು ಕೇಳಬೇಕೇ’ ಎನ್ನಲು ಅವರಿಗಿಂತ ಹೆಚ್ಚು ಅಧಿಕಾರ ಯಾರಿಗಿತ್ತು? ಆದರೆ ಕೇಳಿದವರನ್ನು ಅವರು ಹಂಗಿಸಿದ್ದು ನನ್ನ ನೆನಪಿನಲ್ಲಿ ಒಂದೂ ಇಲ್ಲ. ಸಣ್ಣ ಪ್ರಶ್ನೆಗೂ ನಿಧಾನವಾಗಿ ಉತ್ತರಿಸುತ್ತಿದ್ದರು. 2021ರಲ್ಲಿ, ತಮ್ಮ 107ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ಸ್ವಂತ ಮೇಷ್ಟ್ರು ಹೋದ ಹಾಗಾಯಿತು. ಹೆಂಗಸರು ಯಾರೊಂದಿಗೂ ಆಡಲಾರದೆ ಒಳಗೇ ಇಟ್ಟುಕೊಂಡಿದ್ದ ವಿಷಯಗಳನ್ನು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಬಿಡಿಸಿ ಹೇಳಿದ ಡಾಕ್ಟರ್ ಅನುಪಮಾ ನಿರಂಜನ ಅವರನ್ನು ಯಾರು ಮರೆಯುತ್ತಾರೆ? ಇವರೆಲ್ಲರ ತಿಳುವಳಿಕೆಯ ಕಾಲುಭಾಗವೂ ಇಲ್ಲದ ನಾವು, ಇವರಿಗಿಲ್ಲದ ಗತ್ತನ್ನು ಎಲ್ಲಿಂದ ತಂದುಕೊಂಡೆವು?

ನಾವು ಎಂದು ಬರೆದೆ. ಬೇಕೆಂದೇ ಬರೆದೆ. ಕೆಲವು ವರ್ಷಗಳ ಹಿಂದೆ ಹೊಲಿಗೆ ಕಸೂತಿಯ ಇನ್ನೊಂದು ಗುಂಪಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಸೂತಿಯ ಗವಂತಿಯನ್ನೂ ಮುರಗಿಯನ್ನೂ ಅದಲುಬದಲು ಮಾಡಿ ಬರೆದಿದ್ದಳು. ನಾನು ಏನು ಬರೆದೆ ಗೊತ್ತೇ? ‘ಧಾರವಾಡದ ಕಸೂತಿ ಮುಟ್ಟುವ ಮೊದಲು ಅಷ್ಟಾದರೂ ತಿಳಿದುಕೋ ತಾಯಿ.’ ತಮಾಷೆಗೆಂದೇ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಆಮೇಲೆ ಬರೆಯಲಿಲ್ಲ. ಈಗ ಯೋಚಿಸಿದರೆ, ಗಂಟು ಉಳಿಯದಂತೆ ಹಾಕುವ ಎರಡೆಳೆಯ ಗವಂತಿಯನ್ನು ನನಗೆ ಒಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ಮೂರು ಸಲ ಬಿಚ್ಚಿಸಿದ್ದರು, ಒಂದು ಸಲವೂ ಬೈದಿರಲಿಲ್ಲ. ಪಡೆದದ್ದನ್ನು ಪಡೆದ ರೀತಿಯಲ್ಲಿ ದಾಟಿಸುವುದಕ್ಕೂ ನನಗೆ ಆಗಲಿಲ್ಲವಲ್ಲ! ನಾಲ್ಕು ವಿಷಯ ಹೆಚ್ಚು ಗೊತ್ತಾದ ಕೂಡಲೇ ನಾಲಿಗೆಗೆ ಒಂದು ಮೊನೆ ಬರುತ್ತದೆ. ಅದಕ್ಕೆ ಗಂಡಸು ಹೆಂಗಸು ಎಂಬ ಭೇದವಿಲ್ಲ.

ಕೇಳುವವರಿಗೆ ಕರ್ತವ್ಯವಿಲ್ಲವೇ? ಧಾರಾಳವಾಗಿ ಇದೆ. ನಿನ್ನೆ ತಾನೇ ಉತ್ತರ ಬಂದಿರುವ ಪ್ರಶ್ನೆಯನ್ನು ಹಿಂದೆ ತಿರುಗಿಯೂ ನೋಡದೆ ಇವತ್ತು ಮತ್ತೆ ಕೇಳುವುದು, ‘ಗಿಡ ಒಣಗಿದೆ, ಏನು ಮಾಡಲಿ’ ಎಂದು ಅರ್ಧ ಸಾಲು ಬಿಸಾಡಿ ಹೋಗುವುದು, ಹೇಳಿದವರಿಗೆ ಒಂದು ಮಾತು ತಿಳಿಸದೆ ಮಾಯವಾಗುವುದು ಇವೂ ಅಸಭ್ಯತೆಯೇ. ಯಾವ ಗಿಡ, ಎಷ್ಟು ನೀರು, ಎಷ್ಟು ಬಿಸಿಲು ಎಂದು ಹೇಳಿ ಕೇಳಿ. ಹೇಳಿದಂತೆ ಮಾಡಿದ ಮೇಲೆ ಗಿಡ ಚಿಗುರಿತೋ ಇಲ್ಲವೋ ಬಂದು ತಿಳಿಸಿ. ಮುಂದೆ ಅದೇ ಪ್ರಶ್ನೆ ಹೊತ್ತು ಬರುವವಳಿಗೆ ಅದೇ ದೊಡ್ಡ ಉಪಕಾರ. ಮತ್ತೊಂದು ಮಾತು. ಇನ್ನೊಬ್ಬರು ಕಷ್ಟಪಟ್ಟು ಬರೆದದ್ದನ್ನು ಹೆಸರು ಕಿತ್ತು ತಮ್ಮದೆಂದು ಬೇರೆ ಕಡೆ ಹಾಕುವುದು ಈಗ ಮಾಮೂಲಾಗಿಬಿಟ್ಟಿದೆ. ಪಕ್ಕದ ಮನೆಯಿಂದ ತಂದ ಉಪ್ಪಿನಕಾಯಿ ಬಡಿಸುವಾಗ ‘ಇದು ಅವರ ಮನೆಯದು’ ಎಂದು ಹೇಳುವ ನಾವು, ಅವರ ಮಾತನ್ನು ಬಡಿಸುವಾಗ ಯಾಕೆ ಬಾಯಿ ಮುಚ್ಚಿಕೊಳ್ಳುತ್ತೇವೆ?

ಇನ್ನು ನನ್ನ ಕೊನೆಯ ತಕರಾರು ಬೈದವರ ಮೇಲಲ್ಲ, ಬೈಸಿಕೊಂಡವರ ಮೇಲೂ ಅಲ್ಲ. ನೋಡುತ್ತ ಕೂತ ಇನ್ನೂರು ಜನರ ಮೇಲೆ. ಅದರಲ್ಲಿ ನಾನೂ ಒಬ್ಬಳು.

ಆ ಘಟನೆಯಾಗಿ ಒಂದು ತಿಂಗಳಿಗೆ ಊರಿಗೆ ಹೋಗಿದ್ದೆ. ಅತ್ತಿಗೆ ಎಂದಿನಂತೆ ಕಾಫಿ ಕೊಟ್ಟರು, ಹಲಸಿನಹಣ್ಣಿನ ಕಡುಬು ಬಡಿಸಿದರು. ನಾನೇ ಮಾತು ತೆಗೆದು, ಆ ಮನುಷ್ಯನಿಗೆ ಬುದ್ಧಿಯಿಲ್ಲ, ಬಿಡಿ ಅತ್ತಿಗೆ ಎಂದೆ. ಅವರು ಎಲೆ ತೆಗೆಯುತ್ತ ಹೇಳಿದರು. ‘ಆ ಪುಣ್ಯಾತ್ಮನ ಮಾತು ಹೋಗಲಿ ಮಾರಾಯ್ತಿ. ಅವ್ರಿಗೆ ನಾನ್ಯಾರು ಅಂತ ಏನು ಗೊತ್ತು? ಆದ್ರೆ ನೀನೂ ಅಲ್ಲೇ ಇದ್ಯಲ್ಲೇ. ಒಂದೆಲಗದ ತಂಬ್ಳಿ ನೀನು ನನ್ನ ಕೈಯಲ್ಲೇ ಎಷ್ಟು ವರ್ಷ ಉಂಡಿದೀಯ. ನೀನ್ಯಾಕೆ ಒಂದು ಮಾತೂ ಬರೀಲಿಲ್ಲ?’

ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಬೆರಳು ಫೋನಿನ ಮೇಲೆಯೇ ಇತ್ತು. ದೊಡ್ಡವರ ಎದುರು ಯಾಕೆ ಸುಮ್ಮನೆ ನಿಷ್ಠುರ, ಗುಂಪಿನಲ್ಲಿ ನನ್ನ ಬಗ್ಗೆಯೂ ಏನಾದರೂ ಅಂದಾರು ಎಂದುಕೊಂಡು ಫೋನು ಕೆಳಗಿಟ್ಟಿದ್ದೆ. ‘ಹಾಗೆ ಮಾತಾಡಬೇಡಿ, ನಮ್ಮ ಕಡೆ ಇದನ್ನೂ ಬ್ರಾಹ್ಮಿ ಅನ್ನುತ್ತಾರೆ’ ಎಂದು ಬರೆಯಲು ಸಸ್ಯಶಾಸ್ತ್ರ ಬೇಕಿರಲಿಲ್ಲ. ಒಬ್ಬಳು ಬರೆದಿದ್ದರೆ ಇನ್ನೊಬ್ಬಳಿಗೆ ಧೈರ್ಯ ಬರುತ್ತಿತ್ತು. ಮೂವರು ಬರೆದಿದ್ದರೆ ನಗುವ ಮುಖಗಳು ತಾವಾಗಿಯೇ ಸುಮ್ಮನಾಗುತ್ತಿದ್ದವು. ಗುಂಪು ನಡೆಸುವವರೂ ಎಚ್ಚೆತ್ತುಕೊಳ್ಳುತ್ತಿದ್ದರು. ನೂರು ನಿಯಮ ಬರೆದು ತೂಗುಹಾಕಿದರೂ, ನಿಯಮ ಮುರಿದಾಗ ಮಾತಾಡುವವರು ಇಲ್ಲದಿದ್ದರೆ ಅದು ಗೋಡೆಯ ಮೇಲಿನ ಕ್ಯಾಲೆಂಡರು.

ಕಳೆದ ಆಷಾಢದಲ್ಲಿ ಅದೇ ಗುಂಪಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕೇಳಿದಳು. ‘ಕೆಸುವಿನ ಪತ್ರೊಡೆ ಮಾಡಿದೆ, ಎಲ್ಲರಿಗೂ ಗಂಟಲು ತುರಿಸಿತು, ಅತ್ತೆ ಮನೆಯಲ್ಲಿ ಮುಖ ತೋರಿಸಲಾಗುತ್ತಿಲ್ಲ. ಎಲ್ಲಿ ತಪ್ಪಿದೆ?’ ಎರಡು ದಿನವಾದರೂ ಉತ್ತರವಿಲ್ಲ. ಓದಿಕೊಂಡ ಹಿರಿಯರು ಮಾತ್ರ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ ತುರಿಕೆಯಾಗುತ್ತದೆ ಎಂದು ಬರೆದಿದ್ದರು. ಸರಿಯಾದ ಮಾತೇ. ಆದರೆ ಆ ಹರಳುಗಳನ್ನು ಸುಮ್ಮನಾಗಿಸುವುದು ಹೇಗೆ ಎಂದು ಬಲ್ಲವರು ಗುಂಪು ಬಿಟ್ಟಾಗಿತ್ತು.

ನಾನು ಅತ್ತಿಗೆಗೆ ಫೋನು ಮಾಡಿದೆ. ನೆಲದ ಕೆಸು ಬೇಡ, ಸಿಕ್ಕರೆ ಮರಕೆಸು ತರಲಿ, ಎಲೆಯ ನಾರು ಸವರಿ ತೆಗೆಯಲಿ, ಕೊಯ್ಯುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ, ಹಿಟ್ಟಿಗೆ ಹುಣಸೆಹುಳಿಯೋ ವಾಟೆಹುಳಿಯೋ ಕೈಬಿಟ್ಟು ಹಾಕಲಿ, ಹಬೆಯಲ್ಲಿ ಚೆನ್ನಾಗಿ ಬೇಯಲಿ, ಅವಸರ ಬೇಡ ಎಂದು ಒಂದೇ ಉಸಿರಿಗೆ ಹೇಳಿದರು. ಆಮೇಲೆ, ‘ಪಾಪ, ಆ ಹುಡುಗಿಗೆ ಬೈಬೇಡ್ರೇ, ನಂದೂ ಮೊದಲ ವರ್ಷ ಹಾಗೇ ಆಗಿತ್ತು’ ಎಂದರು.

ಎಲ್ಲವನ್ನೂ ಹಾಗೆಯೇ ಬರೆದು, ಇದು ನಮ್ಮ ಅತ್ತಿಗೆ ಹೇಳಿದ್ದು, ಹೋದ ವರ್ಷ ಒಂದೆಲಗದ ತಂಬುಳಿಯ ಬಗ್ಗೆ ಬರೆದು ನಮ್ಮಿಂದ ಅನ್ನಿಸಿಕೊಂಡು ಹೋದವರು ಇವರೇ, ಅವತ್ತು ನಾನು ಸುಮ್ಮನಿದ್ದದ್ದು ತಪ್ಪು ಎಂದು ಕೆಳಗೆ ಸೇರಿಸಿದೆ. ಓದಿಕೊಂಡ ಹಿರಿಯರು ಅದಕ್ಕೆ ಏನೂ ಹೇಳಲಿಲ್ಲ. ಆದರೆ ಮೂವರು ಹೆಂಗಸರು ‘ನಮ್ಮ ಕಡೆಯೂ ಒಂದೆಲಗವನ್ನೇ ಬ್ರಾಹ್ಮಿ ಅನ್ನುವುದು, ಅವತ್ತೇ ಹೇಳಬೇಕೆಂದಿದ್ದೆ’ ಎಂದು ಬರೆದರು. ಆ ಹುಡುಗಿ ಮುಂದಿನ ವಾರ ಪತ್ರೊಡೆಯ ಫೋಟೋ ಕಳಿಸಿದಳು, ತುರಿಸಲಿಲ್ಲವಂತೆ. ಅತ್ತಿಗೆಗೆ ಅದನ್ನು ತೋರಿಸಿ, ಮತ್ತೆ ಗುಂಪಿಗೆ ಸೇರಿಸಲೇ ಎಂದು ಕೇಳಿದೆ.

‘ನೋಡುವ’ ಎಂದಿದ್ದಾರೆ. ನಾನಿನ್ನೂ ಕಾಯುತ್ತಿದ್ದೇನೆ.